ಓದು ಕಲಿಸಲು ಊರವರು ಬಂದರೆ ಮಾಸ್ತರರ ಹುದ್ದೆ ಏನಾಗುತ್ತದೆ?

2025ರಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಸುದ್ದಿ ಬಂದವು. ಎರಡನ್ನೂ ಓದಿದವರು ಗೊಂದಲಕ್ಕೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಜನವರಿ ಕೊನೆಯಲ್ಲಿ 2024ರ ಅಸರ್ ವರದಿ ಬಂತು. ಅಸರ್ ಅಂದರೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ನೋಡುವ ಸಮೀಕ್ಷೆ. ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳ ಓದು ದೇಶದ ಮಟ್ಟದಲ್ಲಿ ಸುಧಾರಿಸಿದೆ ಎಂದು ಅದು ಹೇಳಿತು. ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕತೆ ಓದಬಲ್ಲ ಮಕ್ಕಳು 2022ರಲ್ಲಿ ಶೇ 16.3 ಇದ್ದರು, 2024ರಲ್ಲಿ ಶೇ 23.4 ಆದರು. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು, ಶೇ 50.59.

ಓದು ಸುಧಾರಿಸಿದ್ದರೆ ಫಲಿತಾಂಶ ಯಾಕೆ ಹೀಗೆ? ಈ ಪ್ರಶ್ನೆಯ ಜೊತೆಗೇ ಇನ್ನೊಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಊರಿನಲ್ಲೇ ಪಿಯುಸಿ, ಡಿಗ್ರಿ ಓದಿದ ಹುಡುಗ ಹುಡುಗಿಯರು ದಿನಕ್ಕೆ ಒಂದು ತಾಸು ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಓದಿಸಲಿ ಎಂಬ ಮಾತು. ಕೇಳಲು ಚೆನ್ನಾಗಿದೆ. ಆದರೆ ತಕ್ಷಣ ಅನುಮಾನವೂ ಏಳುತ್ತದೆ. ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವಾಗ ಸ್ವಯಂಸೇವಕರು ಯಾಕೆ? ಪುಕ್ಕಟೆ ಕೆಲಸಕ್ಕೆ ಇದೊಂದು ದಾರಿಯಾ?

ಅನುಮಾನ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಬೇಕಾದರೆ ಒಂದು ಮಗು ಓದು ಕಲಿಯುವುದು ಹೇಗೆ ಎನ್ನುವಲ್ಲಿಂದ ಶುರು ಮಾಡಬೇಕು.

ಹತ್ತನೇ ಕ್ಲಾಸಿನ ಪೆಟ್ಟು ಬಿದ್ದದ್ದು ಎಲ್ಲಿ?

ಮೊದಲು ಆ ಎರಡು ಸುದ್ದಿಗಳ ಗಂಟು ಬಿಡಿಸೋಣ. ಅವು ಬೇರೆ ಬೇರೆ ಮಕ್ಕಳ ಸುದ್ದಿ. ಅಸರ್ ನೋಡಿದ ಮೂರನೇ ಕ್ಲಾಸಿನ ಮಕ್ಕಳು ಒಂದನೇ ಕ್ಲಾಸಿಗೆ ಬಂದದ್ದು 2022ರಲ್ಲಿ, ಕೊರೊನಾ ಮುಗಿದು ಶಾಲೆ ಸರಿಯಾಗಿ ತೆರೆದ ಮೇಲೆ. 2025ರಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದವರು 2017–18ರಲ್ಲಿ ಮೂರನೇ ಕ್ಲಾಸಿನಲ್ಲಿದ್ದರು. ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿತ್ತು. ಅಷ್ಟೇ ಅಲ್ಲ, 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಆ ವರ್ಷ ಕೊಟ್ಟ ಹೆಚ್ಚುವರಿ ಕೃಪಾಂಕ ಮರುವರ್ಷ ಇರಲಿಲ್ಲ. ನಕಲಿನ ಮರೆ ಹೋಯಿತು, ಕೃಪಾಂಕದ ಮರೆಯೂ ಹೋಯಿತು. ಒಳಗೆ ಮೊದಲಿಂದ ಇದ್ದದ್ದೇ ಹೊರಗೆ ಕಂಡಿತು.

ಹಾಗೆ ಕಂಡ ಕೊರತೆ ಹುಟ್ಟಿದ್ದು ಹತ್ತನೇ ಕ್ಲಾಸಿನಲ್ಲಲ್ಲ. ನಾಲ್ಕನೇ ಕ್ಲಾಸಿನ ಒಂದು ಗಣಿತದ ಲೆಕ್ಕ ನೋಡಿ. ‘ಒಂದು ಚೀಲದಲ್ಲಿ 50 ಕೆಜಿ ತೊಗರಿ ಇದೆ. 12 ಚೀಲದಲ್ಲಿ ಎಷ್ಟು ತೊಗರಿ ಇದೆ?’ ತೊಗರಿ ರಾಶಿ ನೋಡುತ್ತಲೇ ಬೆಳೆದ ಮಗುವಿಗೆ ಇದನ್ನು ಬಾಯಲ್ಲಿ ಕೇಳಿದರೆ ಬೆರಳು ಮಡಚಿ ಉತ್ತರ ಹೇಳಬಹುದು. ಹಾಳೆಯ ಮೇಲೆ ಬರೆದುಕೊಟ್ಟರೆ ಓದಲು ಬಾರದ ಮಗು ಸುಮ್ನೆ ಕೂರುತ್ತದೆ. ಟೀಚರ್ ಗಣಿತ ಬರೋದಿಲ್ಲ ಅಂದುಕೊಳ್ಳುತ್ತಾರೆ. ಪರಿಸರ ಅಧ್ಯಯನದಲ್ಲೂ ಇದೇ ಕತೆ. ಓದು ಹಿಂದೆ ಬಿದ್ದರೆ ಎಲ್ಲ ವಿಷಯವನ್ನೂ ಎಳೆದುಕೊಂಡು ಬೀಳುತ್ತದೆ. ಆಮೇಲೆ ಏಳು ವರ್ಷ ಮಗು ಕ್ಲಾಸಿನಿಂದ ಕ್ಲಾಸಿಗೆ ದಾಟುತ್ತಾ ಹೋಗುತ್ತದೆ, ಅಕ್ಷರ ಮಾತ್ರ ಅಲ್ಲೇ ನಿಂತಿರುತ್ತದೆ.

ಈ ಕಾರಣಕ್ಕೇ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಶುರು ಮಾಡಿತು. ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕು ಎಂಬುದು ಗುರಿ. ಗಡುವು 2026–27. ಊರವರ ನೆರವಿನ ಮಾತು ಈಗ ಜೋರಾಗಿರುವುದಕ್ಕೆ ಈ ಗಡುವೂ ಒಂದು ಕಾರಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಓದು ಬಲ್ಲ ಪ್ರತಿಯೊಬ್ಬರೂ ಒಬ್ಬರಿಗೆ ಓದು ಕಲಿಸಲಿ ಎಂಬ ಆಶಯವನ್ನು ನೇರವಾಗಿಯೇ ಬರೆದಿದೆ.

ಕನ್ನಡ ಓದಲು ತಾಳ್ಮೆ ಬೇಕು

ಅ ಆ ಇ ಈ ಬಂದರೆ ಓದು ಬಂತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಜದಲ್ಲಿ ವರ್ಣಮಾಲೆ ಬರೀ ಹೊಸ್ತಿಲು. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ 500ಕ್ಕೂ ಜಾಸ್ತಿ ರೂಪಗಳಾಗುತ್ತವೆ. ಆಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಮೇಲೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು ತೋರಿಸಿದ್ದೂ ಇದನ್ನೇ. ಇಂಗ್ಲಿಷಿನ 26 ಅಕ್ಷರದ ಹಾಗೆ ಕನ್ನಡದ ಅಕ್ಷರ ಒಂದು ವರ್ಷದಲ್ಲಿ ಮುಗಿಯುವುದಿಲ್ಲ. ಆ ಕಲಿಕೆ ಮೂರು ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತದೆ. ಅಂದರೆ ಮೊದಲ ವರ್ಷಗಳಲ್ಲಿ ಮಗುವಿಗೆ ಬೇಕಾದದ್ದು ದಿನವೂ ಸ್ವಲ್ಪ ಸ್ವಲ್ಪ ಓದುವ ಅವಕಾಶ, ಪಕ್ಕದಲ್ಲಿ ಕೂತು ಕೇಳುವ ಒಬ್ಬರು.

ಕಲಿಸುವ ಕ್ರಮವೂ ಬದಲಾಗಿದೆ. ಇದು ಎಷ್ಟೋ ಪಾಲಕರಿಗೆ ಗೊತ್ತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯಲ್ಲಿ ಶುರುವಾಗಿ, 2009–10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿಕಲಿಯಲ್ಲಿ ಮಗು ಅ ಆ ದಿಂದ ಆರಂಭಿಸುವುದಿಲ್ಲ. ಮೊದಲು ಕಲಿಯುವುದು ರ, ಗ, ಸ, ದ, ಅ. ಯಾಕೆ ಗೊತ್ತಾ? ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ದಸರ, ಗರಗಸ ಓದಬಹುದು. ಆಮೇಲೆ ಜ, ವ, ಮ, ಬ, ನ. ಅಕ್ಷರ ಕಲಿತ ಕೆಲವೇ ದಿನಕ್ಕೆ ಪದ ಕೈಗೆ ಸಿಗುತ್ತದೆ, ಮಗುವಿಗೆ ತಾನು ಓದಿದೆ ಎಂಬ ಹುರುಪು ಬರುತ್ತದೆ. ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡ ಅಕ್ಕ ಇದನ್ನು ಅರಿಯದೆ ಅ ಆ ಇ ಈ ಬಾಯಿಪಾಠ ಮಾಡಿಸಿದರೆ ಮಗು ಬೆಳಿಗ್ಗೆ ಒಂದು ದಾರಿ, ಸಂಜೆ ಇನ್ನೊಂದು ದಾರಿ ಹಿಡಿಯಬೇಕಾಗುತ್ತದೆ. ಸ್ವಯಂಸೇವಕರಿಗೆ ತರಬೇತಿ ಬೇಕು ಅನ್ನುವುದು ಇಂಥ ಕಾರಣಕ್ಕೆ.

ಇದರ ಜೊತೆ ಕಲಬುರಗಿ, ಯಾದಗಿರಿ, ಬೀದರ್ ಸೇರಿದ ನಮ್ಮ ಭಾಗದ ಮಾತಿನ ವಿಷಯವೂ ಇದೆ. ಪುಸ್ತಕದಲ್ಲಿ ‘ಮನೆ’ ಅಂತ ಇರುತ್ತದೆ. ಆಳಂದದ ಮಗು ಅದರ ಮೇಲೆ ಬೆರಳಿಟ್ಟು ‘ಮನಿ’ ಅನ್ನುತ್ತದೆ. ‘ಕುದುರೆ’ಗೆ ‘ಕುದುರಿ’, ‘ಇದೆ’ ಇದ್ದಲ್ಲಿ ‘ಅದ’. ತಪ್ಪು ಅನ್ನಬೇಕಾ? ಮಗು ಓದಿದೆ, ಅರ್ಥ ಮಾಡಿಕೊಂಡಿದೆ, ತನ್ನ ಬಾಯಿಗೆ ಬಂದ ಹಾಗೆ ಹೇಳಿದೆ. ಅದೇ ಊರಿನ ಹುಡುಗಿಗೆ ಇದು ತಕ್ಷಣ ಗೊತ್ತಾಗುತ್ತದೆ. ಹೌದು, ಮನಿ, ಪುಸ್ತಕದಾಗ ಮನೆ ಅಂತ ಬರೀತಾರ ಅಂದು ಮುಂದೆ ಹೋಗುತ್ತಾಳೆ. ಬೇರೆ ಭಾಗದಿಂದ ಬಂದವರು ತಪ್ಪು ಹಾಕಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ತಾಂಡಾಗಳಲ್ಲಿ ಅಂತರ ಇನ್ನೂ ದೊಡ್ಡದು. ಮನೆಯಲ್ಲಿ ಅಮ್ಮನನ್ನು ‘ಯಾಡಿ’ ಅಂತ ಕರೆಯುವ ಲಂಬಾಣಿ ಮಗುವಿಗೆ ಕನ್ನಡ ಶಾಲೆಯಲ್ಲಿ ಸಿಗುವ ಹೊಸ ಭಾಷೆ. ಬೀದರ್‌ನ ಔರಾದ್, ಭಾಲ್ಕಿ ಕಡೆ ಮರಾಠಿ ಮನೆಗಳು, ಗುರುಮಠಕಲ್ ಸೀಮೆಯಲ್ಲಿ ತೆಲುಗು, ಎಲ್ಲ ಕಡೆ ದಖ್ಖನಿ ಉರ್ದು. ಕನ್ನಡ ಮಾಧ್ಯಮದ ಒಂದನೇ ಕ್ಲಾಸಿಗೆ ಬಂದ ಇಂಥ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಕಲಿಯಬೇಕು. ಎರಡೂ ಭಾಷೆ ಬಲ್ಲ ತಾಂಡಾದ ಹುಡುಗನೊಬ್ಬ ಪಕ್ಕದಲ್ಲಿದ್ದರೆ ಆ ಭಾರ ಅರ್ಧ ಇಳಿಯುತ್ತದೆ.

ಒಬ್ಬರು ಟೀಚರ್, ಮೂವತ್ತು ಮಕ್ಕಳು

ಹಾಗಾದರೆ ಇದನ್ನು ಟೀಚರ್ ಮಾಡಬಾರದಾ? ಮಾಡಬೇಕು, ಮಾಡುತ್ತಲೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕೆಳಗಿನ ಕ್ಲಾಸುಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ನಲಿಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ, ಐದು ‘ತಟ್ಟೆ’ಗಳಾಗಿ, ಅಂದರೆ ಐದು ಗುಂಪುಗಳಾಗಿ ಕೂರುತ್ತವೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ನೆರವು ಕೊಡಬೇಕು, ಇನ್ನೊಂದಕ್ಕೆ ಅರ್ಧ, ಉಳಿದವು ಒಬ್ಬರಿಗೊಬ್ಬರು ನೆರವಾಗುತ್ತಾ ಇಲ್ಲವೇ ತಾವೇ ಕಲಿಯಬೇಕು. ಒಂದೊಂದು ಮಗುವಿನ ಓದನ್ನು ಒಂದೇ ನಿಮಿಷ ಕೇಳಿದರೂ ಅರ್ಧ ತಾಸು ಹೋಯಿತು. ಒಂದು ನಿಮಿಷದಲ್ಲಿ ಏನು ಗೊತ್ತಾಗುತ್ತದೆ?

ಕೆಲವು ಮಕ್ಕಳು ಪಾಠದ ಪದ್ಯವನ್ನು ಬೆರಳಿಟ್ಟು ಗಡಗಡ ಓದುತ್ತಾರೆ. ಬೆರಳು ನೋಡಿದರೆ ಎರಡನೇ ಸಾಲಿನ ಮೇಲಿರುತ್ತದೆ, ಬಾಯಿ ನಾಲ್ಕನೇ ಸಾಲಿನಲ್ಲಿರುತ್ತದೆ. ಪದ್ಯ ಬಾಯಿಪಾಠ, ಓದು ಅಲ್ಲ. ನಡುವಿನ ಒಂದು ಪದ ತೋರಿಸಿ ಇದೇನು ಎಂದು ಕೇಳಿದರೆ ಮಾತ್ರ ಸಿಕ್ಕಿಬೀಳುತ್ತದೆ. ಹಾಗೆ ಕೇಳಲು ಬಿಡುವು ಬೇಕು. ಆರು ಮಕ್ಕಳ ಜೊತೆ 40 ನಿಮಿಷ ಕೂತವರಿಗೆ ಒಂದೊಂದು ಮಗುವಿಗೆ ಆರೇಳು ನಿಮಿಷ ಸಿಗುತ್ತದೆ. ಸ್ವಯಂಸೇವಕರಿಂದ ಆಗಬಹುದಾದ ದೊಡ್ಡ ಕೆಲಸ ಇದೇ.

ಮನೆಯಲ್ಲಿ ಕೇಳುವವರಿದ್ದರೆ ಇದು ಅಷ್ಟಾಗಿ ಬೇಕಾಗುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಕಲಬುರಗಿ ಶೇ 64.85, ಬೀದರ್ ಶೇ 70.51. ರಾಜ್ಯದ ಸರಾಸರಿ ಶೇ 75.36. ಯಾದಗಿರಿಯ ಹೆಣ್ಣುಮಕ್ಕಳಲ್ಲಿ ಶೇ 41ರ ಆಸುಪಾಸು. ಅವತ್ತಿನ ಹುಡುಗಿಯರೇ ಇವತ್ತಿನ ತಾಯಂದಿರು. ಮಗು ತಪ್ಪು ಓದಿದರೆ ತಿದ್ದಲು ಆ ತಾಯಿಗೆ ಆಸೆ ಇಲ್ಲದೇ ಇಲ್ಲ, ಅಕ್ಷರ ಇಲ್ಲ. ಮಂಗಳೂರಿನ ಮಗುವಿಗೆ ಮನೆಯಲ್ಲಿ ಪುಕ್ಕಟೆ ಸಿಗುವ ನೆರವು ಇಲ್ಲಿ ಊರೇ ಕೂಡಿ ಕೊಡಬೇಕಾದ ಸ್ಥಿತಿ ಇದೆ.

ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ

ಸ್ವಯಂಸೇವಕರು ಬೇಡ ಅನ್ನುವವರು ಮಕ್ಕಳ ವಿರೋಧಿಗಳಲ್ಲ. ಅವರು ಕೈಗೆತ್ತಿಕೊಳ್ಳುವುದು ಕಾಯ್ದೆಯನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಶಿಕ್ಷಕರಿಗೆ ನಿಗದಿತ ಅರ್ಹತೆ ಇರಬೇಕು ಎನ್ನುತ್ತದೆ. 26ನೇ ಸೆಕ್ಷನ್ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಬಿಡಬಾರದು ಎನ್ನುತ್ತದೆ. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯಡಿ ವಿಶೇಷ ಸ್ಥಾನ ಬೇರೆ ಇದೆ, ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಿದೆ. ಹೀಗಿರುವಾಗ ಸಂಬಳದ ಹುದ್ದೆ ಕೇಳಬೇಕಾದ ಹುಡುಗಿಯನ್ನೇ ಪುಕ್ಕಟೆ ದುಡಿಸಿದರೆ ಅವಳಿಗೂ ಅನ್ಯಾಯ, ಮಗುವಿಗೂ ಅನ್ಯಾಯ ಎನ್ನುವುದು ಅವರ ವಾದ.

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಶಾ ಕಾರ್ಯಕರ್ತೆಯರನ್ನೂ ಸ್ವಯಂಸೇವಕರು ಎಂದೇ ಕರೆದದ್ದು. ಕೆಲಸ ದಿನಪೂರ್ತಿ ಆಯಿತು, ಕೈಗೆ ಸಿಕ್ಕದ್ದು ಗೌರವಧನ. ಅವರು ಬೀದಿಗಿಳಿದು ಹೋರಾಡಿದ್ದನ್ನು ರಾಜ್ಯ ನೋಡಿದೆ.

ಬೇಕು ಅನ್ನುವವರು ಕಾಲದ ಲೆಕ್ಕ ಹೇಳುತ್ತಾರೆ. 2022ರ ಮಾರ್ಚ್‌ನಲ್ಲಿ ರಾಜ್ಯ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಹೊರಡಿಸಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದ್ದೋ ಗಂಡನ ಹೆಸರಿನದ್ದೋ ಎಂಬ ತಕರಾರು ಕೋರ್ಟಿಗೆ ಹೋಯಿತು. ನೇಮಕದ ಆದೇಶ ಕೈಗೆ ಬರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. 2022ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಆಗ ಎರಡನೇ ಕ್ಲಾಸಿನ ಅರ್ಧ ದಾಟಿತ್ತು. ಇನ್ನೊಂದು ವಿಷಯ ಗಮನಿಸಿ. ಈ ಹುದ್ದೆಗಳು ಆರರಿಂದ ಎಂಟನೇ ಕ್ಲಾಸಿನವು. ಅಕ್ಷರ ಕಲಿಯುವ ಮಗು ಕೂತಿರುವುದು ಒಂದರಿಂದ ಮೂರನೇ ಕ್ಲಾಸಿನಲ್ಲಿ. ಹುದ್ದೆ ತುಂಬುವುದನ್ನು ಕಾಯಬಹುದು, ಆರು ವರ್ಷದ ವಯಸ್ಸು ಕಾಯುವುದಿಲ್ಲ ಎನ್ನುವುದು ಇವರ ವಾದ.

ಎರಡೂ ಕಡೆಯವರು ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಪಾಠ ಮಾಡುವುದು, ಮೌಲ್ಯಮಾಪನ ಮಾಡುವುದು, ಐದು ತಟ್ಟೆ ನಡೆಸುವುದು ಶಿಕ್ಷಕರ ಕೆಲಸ. ಅದನ್ನು ಸ್ವಯಂಸೇವಕರಿಗೆ ಒಪ್ಪಿಸಿದರೆ ಬೇಡ ಅನ್ನುವವರು ಹೇಳಿದ್ದೇ ನಿಜವಾಗುತ್ತದೆ. ದಿನಕ್ಕೊಂದು ತಾಸು ಆರೆಂಟು ಮಕ್ಕಳ ಓದು ಕೇಳುವುದು, ಕತೆ ಓದಿ ಹೇಳುವುದು ಬೇರೆ ಕೆಲಸ. ಅದಕ್ಕೆ ಬಿ.ಎಡ್ ಬೇಕಿಲ್ಲ. ಗೆರೆ ಎಳೆಯಬೇಕಾದದ್ದು ಇಲ್ಲಿ, ಮತ್ತು ಆ ಗೆರೆ ಕಾಗದದ ಮೇಲೆ ಇರಬೇಕು.

ಹೆಸರಿನ ಗೊಂದಲವೂ ಸ್ವಲ್ಪ ಇದೆ. ‘ಉಲ್ಲಾಸ್’ ಕಾರ್ಯಕ್ರಮದಲ್ಲೂ ಸ್ವಯಂಸೇವಕರಿದ್ದಾರೆ, ಆದರೆ ಅದು 15 ವರ್ಷ ದಾಟಿದ ಅನಕ್ಷರಸ್ಥರಿಗೆ. ‘ವಿದ್ಯಾಂಜಲಿ’ ಶಾಲೆಗೆ ನೆರವಾಗಬಯಸುವ ಯಾರೇ ಆದರೂ ಹೆಸರು ನೋಂದಾಯಿಸುವ ಕೇಂದ್ರದ ಪೋರ್ಟಲ್. ಅತಿಥಿ ಶಿಕ್ಷಕರಂತೂ ಸ್ವಯಂಸೇವಕರೇ ಅಲ್ಲ, ಗೌರವಧನದ ಮೇಲೆ ಪಾಠ ಮಾಡುವವರು.

ಜೌನ್‌ಪುರದಲ್ಲಿ ಏನಾಯಿತು?

ಊರವರು ಓದು ಕಲಿಸಬಲ್ಲರೇ ಎಂಬುದನ್ನು ಸುಮಾರು 20 ವರ್ಷದ ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಪ್ರಥಮ್ ಸಂಸ್ಥೆ 65 ಹಳ್ಳಿಗಳ ಯುವಕರಿಗೆ ಓದು ಕಲಿಸುವ ಸರಳ ವಿಧಾನ ಹೇಳಿಕೊಟ್ಟಿತು. 55 ಹಳ್ಳಿಗಳಲ್ಲಿ ಶಿಬಿರ ನಡೆದವು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅದರ ಫಲ ಅಳೆದರು.

ಶಿಬಿರಕ್ಕೆ ಬಂದ ಮಕ್ಕಳ ಓದು ಚೆನ್ನಾಗಿ ಸುಧಾರಿಸಿತ್ತು. ಒಂದಕ್ಷರವೂ ಬಾರದಿದ್ದವರು ಅಕ್ಷರ ಗುರುತಿಸತೊಡಗಿದ್ದರು. ಅಂದರೆ ಸ್ವಲ್ಪ ತರಬೇತಿ ಪಡೆದ ಊರಿನ ಯುವಕರ ಕೈಯಲ್ಲಿ ಇದು ಆಗುತ್ತದೆ. ಸಮಸ್ಯೆ ಇದ್ದದ್ದು ಬೇರೆ ಕಡೆ. ಹಳ್ಳಿಯ ಮಕ್ಕಳಲ್ಲಿ ಶಿಬಿರಕ್ಕೆ ಬಂದವರು ಸುಮಾರು ಶೇ 8 ಮಾತ್ರ. ಓದಲು ಬಾರದಿದ್ದ ಮಕ್ಕಳಲ್ಲೂ ಬಂದವರು ಶೇ 13. ಶಾಲೆ ಮುಗಿದ ಮೇಲೆ, ಶಾಲೆಯ ಹೊರಗೆ ನಡೆದರೆ ಯಾರಿಗೆ ಬೇಕೋ ಅವರೇ ಬರುವುದಿಲ್ಲ. ಅವರು ದನ ಕಾಯಲು ಹೋಗಿರುತ್ತಾರೆ, ತಂಗಿಯನ್ನು ಎತ್ತಿಕೊಂಡು ಕೂತಿರುತ್ತಾರೆ.

ಆಮೇಲೆ ದಾರಿ ಬದಲಾಯಿತು. 2013–14ರಲ್ಲಿ ಉತ್ತರ ಪ್ರದೇಶದಲ್ಲೇ ಶಿಬಿರವನ್ನು ಶಾಲೆಯೊಳಗೆ, ಶಾಲೆಯ ವೇಳೆಯಲ್ಲೇ ಇಟ್ಟರು. ಸಂಸ್ಥೆಯ ಸಿಬ್ಬಂದಿ ಮುಂದೆ ನಿಂತರು, ಊರಿನ ಸ್ವಯಂಸೇವಕರು ಜೊತೆಯಾದರು. ಮಕ್ಕಳನ್ನು ಕ್ಲಾಸಿನ ಪ್ರಕಾರ ಬಿಟ್ಟು ಓದಿನ ಮಟ್ಟದ ಪ್ರಕಾರ ಕೂರಿಸಿದರು. ವರ್ಷದಲ್ಲಿ ಸುಮಾರು 50 ದಿನ ಅಷ್ಟೇ. ಪ್ಯಾರಾ ಅಥವಾ ಕತೆ ಓದಬಲ್ಲ ಮಕ್ಕಳ ಪಾಲು ಶಿಬಿರ ಇಲ್ಲದ ಶಾಲೆಗಳಿಗಿಂತ ಸುಮಾರು ಎರಡು ಪಟ್ಟಾಯಿತು. ಹರಿಯಾಣದಲ್ಲಿ ಸ್ವಯಂಸೇವಕರೇ ಇಲ್ಲದೆ, ಸರ್ಕಾರಿ ಶಿಕ್ಷಕರೇ ದಿನಕ್ಕೊಂದು ತಾಸು ಇದಕ್ಕೆ ಮೀಸಲಿಟ್ಟು ಮೇಲಿನವರು ಬೆಂಬಲಕ್ಕೆ ನಿಂತಾಗಲೂ ಓದು ಸುಧಾರಿಸಿತು.

ಮೂರೂ ಕಡೆಯ ಅನುಭವ ಪಕ್ಕ ಪಕ್ಕ ಇಟ್ಟರೆ ಒಂದು ಮಾತು ಕಾಣುತ್ತದೆ. ಫಲ ಕೊಟ್ಟದ್ದು ಮಗುವಿನ ಮಟ್ಟಕ್ಕೆ ತಕ್ಕ ಗುಂಪು, ಮೀಸಲಾದ ತಾಸು, ಎಲ್ಲ ಮಕ್ಕಳೂ ಇರುವ ಜಾಗ. ಯಾರು ಕಲಿಸಿದರು ಎಂಬುದು ಆಮೇಲಿನ ಮಾತು.

ದೀಪಾವಳಿ ಆದ ಮೇಲೆ

ನಮ್ಮ ಮೂರು ಜಿಲ್ಲೆಗಳಲ್ಲಿ ಜಾಗದ ಜೊತೆಗೆ ತಿಂಗಳೂ ಮುಖ್ಯ. ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿರುತ್ತಾರೆ. ದೀಪಾವಳಿ ಮುಗಿಯುತ್ತಿದ್ದ ಹಾಗೆ ತಾಂಡಾಗಳಿಂದ ಗುಳೆ ಶುರು. ಕಬ್ಬು ಕಡಿಯಲು ಮಹಾರಾಷ್ಟ್ರ, ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ, ಇಲ್ಲದಿದ್ದರೆ ಜೊತೆಗೆ ಹೋಗುತ್ತದೆ. ಯುಗಾದಿಗೆ ವಾಪಸ್ ಬಂದಾಗ ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ, ಕಾಗುಣಿತ ಮರೆತಿರುತ್ತದೆ.

ಇಲ್ಲಿ ನವೆಂಬರ್‌ನಲ್ಲಿ ಶುರುವಾಗುವ ಯಾವ ಕಾರ್ಯಕ್ರಮವೂ ಇಂಥ ಮಗುವನ್ನು ಮುಟ್ಟುವುದಿಲ್ಲ. ಶಾಲೆ ತೆರೆಯುವ ಜೂನ್‌ನಿಂದ ದಸರಾ ರಜೆಯವರೆಗೆ ಸಿಗುವ ನಾಲ್ಕು ತಿಂಗಳೇ ನಿಜವಾದ ಹಂಗಾಮು. ಸ್ವಯಂಸೇವಕರ ಆಯ್ಕೆ, ತರಬೇತಿ ಬೇಸಿಗೆಯಲ್ಲೇ ಮುಗಿದಿರಬೇಕು. ಆದೇಶ ಆಗಸ್ಟ್‌ಗೆ ಬಂದು, ಕಾರ್ಡು, ಪುಸ್ತಕ ಅಕ್ಟೋಬರ್‌ಗೆ ತಲುಪಿದರೆ ಹಂಗಾಮು ಮುಗಿದ ಮೇಲೆ ಬಿತ್ತಿದ ಹಾಗೆ.

ಮನೆಯಲ್ಲೇ ಉಳಿದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಒಳ್ಳೆಯ ಜಾಗ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಈ ಗ್ರಂಥಾಲಯಗಳ ಬಾಗಿಲನ್ನು 6ರಿಂದ 18 ವರ್ಷದ ಮಕ್ಕಳಿಗೆ ತೆರೆದಿದೆ. ಅದು ಊರಿನ ಎಲ್ಲರ ಕಣ್ಣಿಗೆ ಬೀಳುವ ಜಾಗ ಎಂಬುದೂ ಮುಖ್ಯ. ಚಿಕ್ಕ ಮಕ್ಕಳನ್ನು ಯಾರದೋ ಮನೆಯ ಒಳಕೋಣೆಗೆ ಕಳಿಸುವ ಪದ್ಧತಿ ಬೇಡ. ಕಲಿಸುವವರು ಯಾರು ಎಂಬುದು ಮುಖ್ಯ ಶಿಕ್ಷಕರಿಗೂ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೂ ಗೊತ್ತಿರಬೇಕು.

ಮುಂದೆ ಆಗಬಹುದಾದದ್ದು

ಕಾರ್ಯಕ್ರಮ ಹೇಗೆ ನಡೆಯುತ್ತದೋ ಫಲವೂ ಹಾಗೇ. ಸ್ವಯಂಸೇವಕರನ್ನು ಶಿಕ್ಷಕರ ಲೆಕ್ಕಕ್ಕೆ ಸೇರಿಸಿದರೆ ಖಾಲಿ ಹುದ್ದೆ ಕಾಗದದ ಮೇಲೆ ತುಂಬಿದ ಹಾಗೆ ಕಾಣುತ್ತದೆ, ನೇಮಕದ ಒತ್ತಡ ಇಳಿಯುತ್ತದೆ. ಏನೂ ಕೊಡದೆ ವರ್ಷಗಟ್ಟಲೆ ದುಡಿಸಿದರೆ ಮೊದಲು ಬಿಟ್ಟುಹೋಗುವವರು ಬಡ ಮನೆಯ ಹುಡುಗಿಯರು. ಅವರಿಗೆ ಅದೇ ಒಂದು ತಾಸಿನಲ್ಲಿ ಕೂಲಿ ಸಿಗುತ್ತದೆ. ಉಳಿಯುವವರು ಅನುಕೂಲ ಇದ್ದವರು, ತಾಂಡಾಕ್ಕೂ ಕೇರಿಗೂ ಹೋಗಲು ಹಿಂಜರಿಯುವವರೂ ಅದರಲ್ಲಿ ಇರಬಹುದು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಕ್ಷಾಂತರ ಯುವಕರು ಹುರುಪಿನಿಂದ ಬಂದಿದ್ದರು. ಬೆನ್ನಿಗೆ ನಿಲ್ಲುವವರು ಇಲ್ಲದ ಕಡೆ ಆ ಹುರುಪು ಆಂದೋಲನದ ಜೊತೆಗೇ ಮುಗಿಯಿತು.

ಸರಿಯಾಗಿ ನಡೆದರೆ ಬದಲಾವಣೆ ಮೊದಲು ಕಾಣುವುದು ಫಲಿತಾಂಶದ ಪಟ್ಟಿಯಲ್ಲಲ್ಲ. ಈಗ ಎರಡನೇ ಕ್ಲಾಸಿನಲ್ಲಿರುವ ಮಗು ಎಸ್ಸೆಸ್ಸೆಲ್ಸಿ ಬರೆಯಲು ಇನ್ನೂ ಎಂಟು ವರ್ಷ ಬೇಕು. ಮುಂದಿನ ಮೇ ತಿಂಗಳಲ್ಲಿ ಕಲಬುರಗಿ ಒಂದೆರಡು ಸ್ಥಾನ ಮೇಲೆ ಬಂದರೂ ಕೆಳಗೆ ಹೋದರೂ ಅದಕ್ಕೂ ಈ ಸಂಜೆಯ ಒಂದು ತಾಸಿಗೂ ಸಂಬಂಧ ಇರುವುದಿಲ್ಲ. ನೋಡಬೇಕಾದದ್ದು ಇದು: ಜೂನ್‌ನಲ್ಲಿ ಬರೀ ಅಕ್ಷರ ಗುರುತಿಸುತ್ತಿದ್ದ ಮಕ್ಕಳಲ್ಲಿ ದಸರಾ ಹೊತ್ತಿಗೆ ಪದ ಓದುವವರು ಎಷ್ಟು? ಪ್ಯಾರಾ ಓದುವವರು ಎಷ್ಟು? ಇದಕ್ಕೆ ಬೇಕಾದದ್ದು ಒಂದು ಹಾಳೆ. ಮೇಲೆ ಅಕ್ಷರ, ಕೆಳಗೆ ಪದ, ಅದರ ಕೆಳಗೆ ನಾಲ್ಕು ಸಾಲಿನ ಪ್ಯಾರಾ, ಕೊನೆಗೆ ಪುಟ್ಟ ಕತೆ. ಒಂದು ಮಗುವಿಗೆ ಐದು ನಿಮಿಷ.

ಆ ಲೆಕ್ಕವನ್ನು ಊರಿನ ಗ್ರಾಮಸಭೆಯಲ್ಲಿ ಕೇಳಬಹುದು. ಅದೇ ಸಭೆಯಲ್ಲಿ, ಅದೇ ಉಸಿರಿನಲ್ಲಿ, ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದೂ ಕೇಳಬಹುದು. ಗುಳೆ ಹೋಗುವ ಮನೆಗಳ ಮಕ್ಕಳ ಪಟ್ಟಿ ಯಾರ ಹತ್ತಿರ ಇದೆ, ಅವರ ಓದಿನ ಹಾಳೆಯನ್ನು ದೀಪಾವಳಿಗೆ ಮೊದಲು ಯಾರು ನೋಡಿದರು ಎಂದೂ.